ಮೊದಲ ಬೆಳ್ಳಿ

ಅನು, ಹೋದ ಶನಿವಾರ ನಾನು ನಿನ್ನ ಮೇಲೆ ಕೂಗಿದೆ. ನನ್ನ ದನಿ ಅಷ್ಟು ಏರಬಲ್ಲದೆಂದು ನಿನಗಿರಲಿ, ನನಗೂ ಗೊತ್ತಿರಲಿಲ್ಲ. ನೀನು ಸಾಕರ್ ಆಡಿ ಬಂದು, ಮೇಜಿನ ಮೇಲಿದ್ದ ಹಳೆಯ ಪೆಟ್ಟಿಗೆಯಿಂದ ತಂತಿಯ ಬ್ರಷ್ಷೊಂದನ್ನು ತೆಗೆದು ಬೂಟಿನ ಮಣ್ಣು ಕೆರೆಯಲು ಹೊರಟಿದ್ದೆ, ಅಷ್ಟೆ. "ಇಟ್ಸ್ ಜಸ್ಟ್ ಜಂಕ್, ಅಜ್ಜಿ" ಅಂದೆ. ನಿನ್ನ ತಮ್ಮ ತೇಜು ಪೆಟ್ಟಿಗೆಯೊಳಗಿನ ಕನ್ನಡಿಯನ್ನೂ ಇಸ್ಪೀಟ್ ಎಲೆಗಳನ್ನೂ ಎತ್ತಿ ಎತ್ತಿ ನೋಡಿ, "ಹೂಸ್ ಸ್ಟಫ್ ಈಸ್ ದಿಸ್?" ಎಂದ. ನಾಲ್ಕು ಜನರೆದುರು ಮಾತಾಡುವುದು ನನಗೆ ಎಂದೂ ಆಗಿಬಂದದ್ದಲ್ಲ. ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಬರೆಯುವುದಾದರೆ ನಿಧಾನವಾಗಿ ಬರೆಯಬಲ್ಲೆ. ನಿಮಗೆ ಓದುವುದು ಕಷ್ಟವಾದರೆ ನಿಮ್ಮಮ್ಮ ಓದಿ ಹೇಳಲಿ.

ಆ ಪೆಟ್ಟಿಗೆ ಜರ್ಸಿ ಸಿಟಿಯ ಆಂಟಿಯದು. ಹೋದ ತಿಂಗಳು ತೀರಿಕೊಂಡರು. ಅವರ ಮನೆ ಖಾಲಿ ಮಾಡಿಸಿದ ಗೆಳತಿ, ಪೆಟ್ಟಿಗೆಯ ಮೇಲೆ "ಗದಗದವರಿಗೆ" ಎಂದು ಬರೆದದ್ದನ್ನು ಕಂಡು ನಿಮ್ಮಮ್ಮನಿಗೆ ಫೋನ್ ಮಾಡಿದರಂತೆ. ಆ ಗದಗದವಳು ನಾನೇ. ನನಗೂ ಒಂದು ಹೆಸರಿದೆ ಎಂಬುದನ್ನು ಅವರು ಕಡೆಯವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಅವರ ಹೆಸರು ಹಿಡಿದು ಕರೆದವಳಲ್ಲ, ಅಕ್ಕಾರು ಎನ್ನುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ಅವರ ಪರಿಚಯವಾದಾಗ ನಿಮ್ಮಮ್ಮನಿಗೆ ಮದುವೆ ಗೊತ್ತಾಗಿತ್ತು. ಅದಕ್ಕೆಂದೇ ನಾನು ಇಲ್ಲಿಗೆ ಬಂದಿದ್ದೆ. ಅವಳ ಅಪಾರ್ಟ್‌ಮೆಂಟ್ ನದಿಯ ದಂಡೆಯ ದೊಡ್ಡ ಕಟ್ಟಡದಲ್ಲಿತ್ತು. ಕಂಪ್ಯೂಟರ್ ಕೆಲಸ ಕೇಳಿದವರಿಗೆಲ್ಲ ಸಿಗುತ್ತಿದ್ದ ಕಾಲ. ಕಟ್ಟಡದ ಹುಡುಗರೆಲ್ಲ ಬೆಳಿಗ್ಗೆ ಓಡುತ್ತಲೇ ಟ್ರೇನ್ ಹಿಡಿಯುತ್ತಿದ್ದರು, ಲಿಫ್ಟಿನಲ್ಲಿ ನಿಂತಾಗಲೂ ಕಾಲು ಕುಣಿಸುತ್ತಿದ್ದರು. ನನಗೆ ಲಿಫ್ಟ್ ಎಂದರೇ ಹೆದರಿಕೆ. ಮಗಳು ಕೆಲಸಕ್ಕೆ ಹೋದ ಮೇಲೆ, ಕೆಳಗಿನ ಲಾಂಡ್ರಿ ಕೋಣೆಗೆ ಬಟ್ಟೆಯ ಬುಟ್ಟಿ ಹೊತ್ತು ಮೆಟ್ಟಿಲಿಳಿದು ಹೋಗುತ್ತಿದ್ದೆ.

ಅಲ್ಲಿ ಒಂದು ದಿನ ಯಾರೋ ಹಿಂದಿನಿಂದ ನನ್ನ ಕುಪ್ಪಸದ ತೋಳು ಹಿಡಿದರು. ಎತ್ತರದ ಆಳು, ಕತ್ತರಿಸಿದ ನರೆಗೂದಲು, ಗಂಡಸರ ಶರ್ಟು. ತೋಳಿನ ಅಂಚನ್ನು ಮಗುಚಿ ಒಳಮೈ ನೋಡಿದರು.

"ಖಣ ಅಲ್ವೇನ್ರೀ ಇದು? ಯಾವೂರು ನಿಮ್ದು?"

"ಗದಗ ಹತ್ರ ರೀ."

"ಈ ಕುಪ್ಪಸ ಒಂದು ದಿನದ ಮಟ್ಟಿಗೆ ಕೊಡ್ತೀರಾ? ಅಚ್ಚು ತೆಗೆದು ವಾಪಸ್ ಕೊಡ್ತೀನಿ."

ನಾನು ಬಟ್ಟೆಯನ್ನೆಲ್ಲ ಮೆಷಿನ್ನಿನಲ್ಲೇ ಬಿಟ್ಟು ಮೇಲಕ್ಕೆ ಓಡಿದೆ. ಸಂಜೆ ಅವರೇ ಅವನ್ನು ಮಡಿಚಿ ತಂದು ಬಾಗಿಲು ಬಡಿದರು. "ಓಡಿ ಹೋದ್ರೆ ಬಿಡ್ತೀನಾ?" ಎಂದರು.

ಮೈಸೂರಿನವರು. ಪ್ರಿನ್ಸ್‌ಟನ್ ಕಡೆ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ಒಬ್ಬರೇ. ಯಾಕೆ ಒಬ್ಬರೇ ಎಂದು ನಾನು ಕೇಳಲಿಲ್ಲ. ಕಾಲಲ್ಲಿ ಕಾಲುಂಗುರ ಇಲ್ಲದ್ದನ್ನು ನೋಡಿ, ನನ್ನ ಹಾಗೆಯೇ ಗಂಡನನ್ನು ಕಳೆದುಕೊಂಡವರಿರಬೇಕೆಂದುಕೊಂಡೆ. ಅವರ ಊಟದ ಮೇಜಿನ ಮೇಲೆ ಊಟದ ಸಾಮಾನು ಇರುತ್ತಿರಲಿಲ್ಲ, ಬೆಳ್ಳಿ ಮಣ್ಣು ಇರುತ್ತಿತ್ತು. ಬೆಳ್ಳಿಯನ್ನು ನುಣ್ಣಗೆ ಪುಡಿ ಮಾಡಿ, ಅಂಟು ನೀರು ಬೆರೆಸಿ ಕಲಸಿದ ಮುದ್ದೆ. ಸಣ್ಣ ಪೊಟ್ಟಣದಲ್ಲಿ ಬರುತ್ತದೆ, ನೋಡಲು ಬೂದುಬಣ್ಣದ ಕಣಕದ ಹಾಗೆ. ಲಟ್ಟಿಸಿ, ಬೇಕಾದ ಆಕಾರ ಮಾಡಿ, ಒಣಗಿಸಿ ಸುಟ್ಟರೆ ಅಂಟೆಲ್ಲ ಉರಿದು ಹೋಗಿ ಅಪ್ಪಟ ಬೆಳ್ಳಿ ಉಳಿಯುತ್ತದೆ. ಕಟ್ಟಡದ ನಮ್ಮವರು ಹಿಂದಿನಿಂದ "ಮಣ್ಣೊಡವೆ ಆಂಟಿ" ಎಂದು ನಗುತ್ತಿದ್ದರು. ಅದು ಅಕ್ಕಾರ ಕಿವಿಗೂ ಬಿದ್ದಿತ್ತು. "ಗಣಿಯಿಂದ ಬಂದಿದ್ದು ಮಣ್ಣಲ್ದೆ ಇನ್ನೇನು, ಬ್ಯಾಂಕಿಂದ ಬಂತಾ?" ಎನ್ನುತ್ತಿದ್ದರು.

ಪೆಟ್ಟಿಗೆಯಲ್ಲಿರುವ ಜಂಕ್ ಎಲ್ಲ ಅವರ ಆಯುಧಗಳು. ಇಸ್ಪೀಟ್ ಎಲೆಗಳನ್ನು ಮುದ್ದೆಯ ಆಚೀಚೆ ಒಂದೇ ಎತ್ತರಕ್ಕೆ ಪೇರಿಸಿ ಲಟ್ಟಿಸಿದರೆ ಹಾಳೆ ಎಲ್ಲ ಕಡೆ ಒಂದೇ ದಪ್ಪ ಬರುತ್ತದೆ. ಲಟ್ಟಣಿಗೆ ಎಂದರೆ ನಲ್ಲಿ ರಿಪೇರಿಯವನು ಬಿಟ್ಟು ಹೋದ ಪ್ಲಾಸ್ಟಿಕ್ ಪೈಪಿನ ತುಂಡು. ಉಗುರು ಉಜ್ಜುವ ಪಟ್ಟಿ ಅಂಚು ನಯ ಮಾಡಲು. ಕಾಫಿ ಕಪ್ಪನ್ನು ಬೆಚ್ಚಗಿಡುವ ಕರೆಂಟಿನ ಬಿಲ್ಲೆ ಒಣಗಿಸಲು. ಪುಟ್ಟ ಕನ್ನಡಿ ಮುಖ ನೋಡುವುದಕ್ಕಲ್ಲ. ಬಿಸಿ ಒಡವೆಯನ್ನು ಅದರ ಮೇಲಿಟ್ಟು ಎತ್ತಬೇಕು. ಗಾಜು ಮಬ್ಬಾದರೆ ಒಳಗೆ ಇನ್ನೂ ಹಸಿ ಇದೆ ಎಂದರ್ಥ. ಹಸಿ ಇದ್ದದ್ದನ್ನು ಸುಟ್ಟರೆ ಏನಾಗುತ್ತದೆಂದು ನಾನೇ ನೋಡಿದ್ದೇನೆ. ಒಮ್ಮೆ ಪಕ್ಕದ ಮನೆಯ ಹುಡುಗಿ ಅವಸರ ಮಾಡಿದಳೆಂದು ಅವಳ ಓಲೆಯನ್ನು ಹಾಗೇ ಬೆಂಕಿಗೆ ಹಿಡಿದರು. ಜೋಳದ ಅರಳು ಸಿಡಿದಂತೆ ಸಿಡಿದು ಸೂರಿಗೆ ಬಡಿಯಿತು. ಹುಡುಗಿ ಕಿರುಚಿದಳು. ಅಕ್ಕಾರು ಚೂರುಗಳನ್ನು ಆರಿಸಿ ಅವಳ ಕೈಗೆ ಹಾಕಿ, "ತಗೋ, ನಿನ್ನ ಅರ್ಜೆಂಟು" ಎಂದರು.

ಇವೆಲ್ಲವನ್ನೂ ಯಾರು ಬೇಕಾದರೂ ಮುಟ್ಟಬಹುದಿತ್ತು, ಬ್ರಷ್ ಒಂದನ್ನು ಬಿಟ್ಟು. ಬೆಂಕಿಯಿಂದ ಬಂದ ಬೆಳ್ಳಿ ಬೆಳ್ಳಿಯ ಹಾಗೆ ಇರುವುದಿಲ್ಲ, ಸುಣ್ಣದ ಹರಳಿನ ಹಾಗೆ ಬಿಳಿಚಿಕೊಂಡಿರುತ್ತದೆ. ತಂತಿಯ ಬ್ರಷ್ಷಿನಿಂದ ಉಜ್ಜಿದಾಗಲೇ ಒಳಗಿನ ಹೊಳಪು ಎದ್ದು ಬರುವುದು. ನಾನೊಮ್ಮೆ ಸಹಾಯ ಮಾಡೋಣವೆಂದು ಕೈ ಚಾಚಿದಾಗ ಕೈಮೇಲೆ ಫಟ್ಟನೆ ಹೊಡೆದರು.

"ಎಲ್ಲಾ ಮಾಡಿ, ಇದೊಂದು ಮಾತ್ರ ಬೇಡಿ. ಮೊದಲ ಬೆಳ್ಳಿ ನೋಡೋದು ನಾನು. ಅದಕ್ಕೋಸ್ಕರವೇ ಇಷ್ಟೆಲ್ಲ ಮಾಡೋದು."

ಒಡವೆಯ ವಿನ್ಯಾಸಕ್ಕೆ ಅವರು ಪುಸ್ತಕ ನೋಡಿದ್ದನ್ನು ನಾನು ಕಂಡಿಲ್ಲ. ಎಲೆ ಸಿಕ್ಕರೆ ಮಗುಚುತ್ತಿದ್ದರು, ಬಟ್ಟೆ ಸಿಕ್ಕರೆ ಮಗುಚುತ್ತಿದ್ದರು. "ಮುಂಭಾಗ ಎಲ್ಲರೂ ನೋಡ್ತಾರೆ, ನರ ಇರೋದು ಬೆನ್ನಲ್ಲಿ" ಎನ್ನುತ್ತಿದ್ದರು. ಚೀಲದಲ್ಲಿ ಮಕ್ಕಳಾಡುವ ಬಣ್ಣದ ಮುದ್ದೆ ಸದಾ ಇರುತ್ತಿತ್ತು, ಕಂಡಲ್ಲಿ ಅಚ್ಚು ತೆಗೆಯಲು. ಒಂದು ಸಂಜೆ ನದಿಯ ದಂಡೆಯಲ್ಲಿ ನಡೆಯುತ್ತಿದ್ದವರು, ರಸ್ತೆಯ ನಡುವೆಯೇ ಮೋರಿಯ ಕಬ್ಬಿಣದ ಮುಚ್ಚಳದ ಮೇಲೆ ಮಂಡಿಯೂರಿ ಕೂತರು. ಕಾರುಗಳು ಹಾರ್ನ್ ಹೊಡೆದವು. ಪೊಲೀಸನೊಬ್ಬ ಬಂದ. ನಾನು ಅವರ ಗುರುತೇ ಇಲ್ಲದವಳಂತೆ ಕಂಬದ ಹಿಂದೆ ನಿಂತೆ. ಪೊಲೀಸ ಏನೋ ಕೇಳಿದ, ಇವರು ಏನೋ ಹೇಳಿದರು, ಅವನು ನಗುತ್ತ ಕಾರುಗಳನ್ನು ತಡೆದು ನಿಂತ.

"ಏನಂದ್ರಿ ಅಕ್ಕಾರ?"

"ನಿಮ್ಮೂರಲ್ಲಿ ಮುಚ್ಚಳ ಚೆನ್ನಾಗಿ ಮಾಡ್ತೀರಾ ಅಂದೆ. ಯಾರೂ ಹೇಳಿರಲಿಲ್ಲವಂತೆ ಪಾಪ. ನೀವು ಕಂಬದ ಹಿಂದೆ ಯಾಕೆ ಹೋಗಿದ್ರಿ, ಗದಗದವ್ರೇ?"

ನನ್ನಿಂದ ಅವರು ಕಸಿದುಕೊಂಡದ್ದು ಒಂದು ಬಾಚಣಿಗೆ. ನಮ್ಮ ಕಡೆ ಮದುವೆಗೆ ಮುಂಚೆ ಹೆಂಗಸರೆಲ್ಲ ಕೂತು ಗವಲಿ ಮಾಡುತ್ತೇವೆ. ಹಿಟ್ಟಿನ ಚಿಕ್ಕ ಗುಳಿಗೆಯನ್ನು ಬಾಚಣಿಗೆಯ ಹಲ್ಲಿನ ಮೇಲಿಟ್ಟು ಹೆಬ್ಬೆರಳಿನಿಂದ ಎಳೆದರೆ, ಗೆರೆಗೆರೆಯ ಕಪ್ಪೆಚಿಪ್ಪಿನಂತೆ ಸುರುಳಿಯಾಗಿ ಬೀಳುತ್ತದೆ. ಒಣಗಿಸಿ ಪಾಯಸಕ್ಕೆ ಹಾಕುವುದು. ನಿಮ್ಮಮ್ಮನ ಮದುವೆಗೆಂದು ಊರಿನಿಂದ ಕಟ್ಟಿಗೆಯ ಹೊಸ ಬಾಚಣಿಗೆ ತಂದಿದ್ದೆ. ಅದನ್ನು ಕಂಡದ್ದೇ ತಡ, ಅದು ಅವರ ಮೇಜು ಸೇರಿತು.

ಇನ್ನು ಮದುವೆಯ ದಿನದ ಮಾತು.

ಮಾಘ ಮಾಸದ ಮುಹೂರ್ತ. ದೇವಸ್ಥಾನದಲ್ಲಿ ಆಗಬೇಕಿತ್ತು. ಹಿಂದಿನ ದಿನವೇ ಹಿಮ ಸುರಿಯತೊಡಗಿ ರಸ್ತೆಗಳೆಲ್ಲ ಮುಚ್ಚಿದವು. ಗಂಡಿನ ಕಡೆಯವರೂ ಪುರೋಹಿತರೂ ಅದಾಗಲೇ ನಮ್ಮ ಕಟ್ಟಡಕ್ಕೆ ಬಂದು ಇಳಿದಿದ್ದರಿಂದ, ಕೆಳಗಿನ ಪಾರ್ಟಿ ಹಾಲಿನಲ್ಲೇ ಮುಗಿಸುವುದೆಂದಾಯಿತು. ಗಂಡಿನ ಕಡೆಗೆ ಹಿರಿಯರೆಂದರೆ ನಿಮ್ಮ ಬೆಂಗಳೂರಜ್ಜಿ ಒಬ್ಬರೇ. ಅವರು ನಿಮ್ಮಪ್ಪನ ಚಿಕ್ಕಮ್ಮ. ತಾಯಿಯಿಲ್ಲದ ಮಗುವನ್ನು ಎತ್ತಿ ಸಾಕಿದವರು. ತಂದೆಯಿಲ್ಲದ ಮನೆಯ ಹುಡುಗಿಯನ್ನು ತರಲು ಅವರಿಗೆ ಅಷ್ಟಾಗಿ ಮನಸ್ಸಿರಲಿಲ್ಲ. ಅದು ನನಗೆ ಗೊತ್ತಿತ್ತು.

ಬೆಳಿಗ್ಗೆ ತಟ್ಟೆಗಳನ್ನು ಜೋಡಿಸುವಾಗ ಅವರು ಕೇಳಿದರು, "ಬೀಗರೇ, ಕಾಲುಂಗುರ ಎಲ್ಲಿಟ್ಟಿದ್ದೀರಿ?"

"ನೀವು ತಂದಿರಬೇಕಲ್ರಿ?"

"ನಾವ್ಯಾಕೆ ತರೋಣ? ನಮ್ಮಲ್ಲಿ ಹುಡುಗಿಯ ಸೋದರಮಾವ ತರೋದು."

"ನಮ್ಮಲ್ಲಿ ಗಂಡಿನವ್ರು ತರ್ತಾರ್ರಿ..."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ತಿಂಗಳುಗಟ್ಟಲೆ ಫೋನಿನಲ್ಲಿ ಹೂವಿನಿಂದ ಹಿಡಿದು ಉಪ್ಪಿನಕಾಯಿಯವರೆಗೆ ಮಾತಾಡಿದ್ದೆವು. ಇದೊಂದನ್ನು ಯಾರೂ ಕೇಳಿರಲಿಲ್ಲ, ಕೇಳುವಂಥದ್ದೆಂದು ಇಬ್ಬರಿಗೂ ಅನಿಸಿರಲಿಲ್ಲ. ಎಡಿಸನ್ನಿನಲ್ಲಿರುವ ನಮ್ಮವರ ಒಡವೆ ಅಂಗಡಿಗಳಿಗೆ ಹೋಗಲು ದಾರಿಯಿರಲಿಲ್ಲ. ಅಲ್ಲಿದ್ದ ಹುಡುಗಿಯೊಬ್ಬಳು ತನ್ನದನ್ನೇ ಕೊಡುತ್ತೇನೆಂದು ಬಗ್ಗಿದಳು. ಬೆಂಗಳೂರಜ್ಜಿ ಹೌಹಾರಿದರು. "ಮುತ್ತೈದೆ ಕಾಲಿಂದ ಬಿಚ್ಚೋದಾ? ಬಿಡ್ತು ಅನ್ನು!"

ಆಮೇಲೆ ಕುರ್ಚಿಯಲ್ಲಿ ಕೂತು ಮೆಲ್ಲನೆ ಹೇಳಿದರು, "ಶಕುನ ಸರಿ ಇಲ್ಲ. ಮುಹೂರ್ತ ಮುಂದಕ್ಕೆ ಹಾಕೋಣ."

ನಿಮ್ಮಮ್ಮ ಧಾರೆ ಸೀರೆಯುಟ್ಟು ನಿಂತಿದ್ದಳು. ನನ್ನನ್ನು ನೋಡಿದಳು. ಆ ವಾರದ ಕೊನೆಗೆ ನಿಮ್ಮಪ್ಪ ಹೊಸ ಪ್ರಾಜೆಕ್ಟ್ ಎಂದು ದೂರದ ರಾಜ್ಯಕ್ಕೆ ಹೋಗಬೇಕಿತ್ತು. ಮುಂದಕ್ಕೆ ಹೋದದ್ದು ಮತ್ತೆ ಕೂಡಿಬರುವ ನಂಬಿಕೆ ನನಗಿರಲಿಲ್ಲ. ನಾನು ಲಿಫ್ಟಿನ ಗುಂಡಿ ಒತ್ತಿದೆ. ಒಬ್ಬಳೇ ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು.

ಅಕ್ಕಾರು ನನ್ನ ಮಾತು ಪೂರ್ತಿ ಕೇಳಲಿಲ್ಲ. ಕೈಗೊಂದು ದಾರ ಕೊಟ್ಟು, "ಹುಡುಗಿ ಬೆರಳಿನ ಅಳತೆ ತಗೊಂಡು ಬನ್ನಿ. ಬಿಗಿಯಾಗಿ ತಗೊಳ್ಳಿ, ಸಡಿಲ ನಾನು ಬಿಡ್ತೀನಿ" ಎಂದರು. ನಾನು ಮರಳಿ ಬರುವಷ್ಟರಲ್ಲಿ ಮೇಜು ಒರೆಸಿ ಪೊಟ್ಟಣ ಬಿಚ್ಚಿದ್ದರು. "ಉಳಿದಿರೋದು ಇದೊಂದೇ. ಎರಡನೇ ಸಲ ಅನ್ನೋದಿಲ್ಲ."

ಮುದ್ದೆ ಲಟ್ಟಿಸಿ ಎರಡು ಪಟ್ಟಿ ಕತ್ತರಿಸಿದರು. ಬಾಚಣಿಗೆಯನ್ನು ನನ್ನ ಮುಂದೆ ಸರಿಸಿದರು.

"ಗೆರೆ ನೀವು ಎಳೀರಿ."

"ನನ್ನ ಕೈಲೆ ಬ್ಯಾಡ್ರಿ ಅಕ್ಕಾರ."

"ಯಾಕೆ, ಕೈಗೇನಾಗಿದೆ?"

"ನಾ ಮುತ್ತೈದಿ ಅಲ್ಲಲ್ರಿ."

"ನಾನು ಕೇಳಿದ್ದು ಕೈ ವಿಷಯ."

ಹೆಬ್ಬೆರಳಿಗೆ ಎಣ್ಣೆ ಹಚ್ಚಿಕೊಂಡು ಪಟ್ಟಿಯನ್ನು ಬಾಚಣಿಗೆಯ ಹಲ್ಲಿಗೆ ಒತ್ತಿದೆ. ಅಭ್ಯಾಸ ಕೈ ಬಿಡಲಿಲ್ಲ. ಗೆರೆಗಳು ಸಾಲಾಗಿ ಎದ್ದವು. ಅವರು ಆ ಪಟ್ಟಿಗಳನ್ನು ಕಾಗದ ಸುತ್ತಿದ ಮಾರ್ಕರ್ ಪೆನ್ನಿಗೆ ಬಳಸಿ, ತುದಿಗಳನ್ನು ನೀರು ಮಾಡಿದ ಅದೇ ಮಣ್ಣಿನಿಂದ ಕೂಡಿಸಿದರು. ಬಿಸಿ ಬಿಲ್ಲೆಯ ಮೇಲಿಟ್ಟರು. ಆಗಲೇ ಬೆಂಗಳೂರಜ್ಜಿ ಬಾಗಿಲು ದೂಡಿಕೊಂಡು ಬಂದದ್ದು.

"ಮದುವೆ ದಿನ ಇಸ್ಪೀಟ್ ಎಲೆ ಹರಡ್ಕೊಂಡಿದ್ದೀರಲ್ಲಾ! ಇದೇನು, ಇದು ಹೆಬ್ಬೆರಳಿಗೂ ದೊಡ್ಡದು!"

"ಸುಟ್ಟ ಮೇಲೆ ಸಣ್ಣದಾಗುತ್ತೆ. ಕೂತ್ಕೊಳ್ಳಿ," ಎಂದರು ಅಕ್ಕಾರು.

ಅವರು ಕೂರಲಿಲ್ಲ. ಕೆಳಗಿನಿಂದ ಇಂಟರ್‌ಕಾಮ್ ಕೂಗಿತು; ಮುಹೂರ್ತಕ್ಕೆ ಹೊತ್ತಾಗುತ್ತಿದೆಯೆಂದು ಪುರೋಹಿತರು. ಅಕ್ಕಾರು ಒಂದು ಉಂಗುರವನ್ನು ಚಿಮಟದಿಂದ ಎತ್ತಿ ಕನ್ನಡಿಯ ಮೇಲಿಟ್ಟರು, ತೆಗೆದರು. ಗಾಜಿನ ಮೇಲೆ ದುಂಡನೆಯ ಮಬ್ಬು. ಮತ್ತೆ ಬಿಲ್ಲೆಯ ಮೇಲೆ. ಕಿಟಕಿಯಾಚೆ ಹಿಮ ಬೀಳುತ್ತಲೇ ಇತ್ತು. ಮತ್ತೆ ಕನ್ನಡಿ, ಮತ್ತೆ ಮಬ್ಬು.

ಬೆಂಗಳೂರಜ್ಜಿಯ ಕಣ್ಣು ಅಕ್ಕಾರ ಬರಿಗಾಲಿನ ಮೇಲೆ ಬಿತ್ತು. "ನಿಮ್ಮ ಕಾಲಲ್ಲಿ ಇಲ್ವಲ್ಲ?"

"ಇತ್ತು. ತೆಗೆದೆ."

"ಅಯ್ಯೋ ಪಾಪ. ಯಾವಾಗ ಹೋದ್ರು?"

"ತುಂಬಾ ದಿನ ಆಯ್ತು. ಕ್ಯಾಲಿಫೋರ್ನಿಯಾಗೆ ಹೋದ್ರು, ಇನ್ನೊಬ್ಬರ ಜೊತೆ. ಆರೋಗ್ಯವಾಗಿದ್ದಾರೆ."

ಕನ್ನಡಿಯಿಂದ ಕಣ್ಣೆತ್ತದೆ ಹೇಳಿದರು. ನನಗೂ ಅದು ಅಂದೇ ಗೊತ್ತಾದದ್ದು.

ಬೆಂಗಳೂರಜ್ಜಿ ನನ್ನ ಕೈ ಹಿಡಿದು ಅಡುಗೆಮನೆಯ ಮೂಲೆಗೆ ಎಳೆದರು. "ತಪ್ಪು ತಿಳ್ಕೋಬೇಡಿ ಬೀಗರೇ. ನೀವು ಹೀಗೆ, ಅವರು ಹಾಗೆ. ಒಡವೆ ಮಣ್ಣಿಂದು. ನಾನು ಹೇಗೆ ಒಪ್ಲಿ? ನಮ್ಮಕ್ಕನ ಕಾಲುಂಗುರ ಧಾರೆ ದಿನವೇ ಮುರಿದಿತ್ತು. ಏನಾಗಲ್ಲ ಅಂತ ಎಲ್ಲರೂ ನಕ್ಕರು. ಮಗು ತೊಟ್ಟಿಲಲ್ಲಿದ್ದಾಗಲೇ ಹೊರಟುಹೋದಳು. ಇದು ಇವಳ ಕಾಲಲ್ಲಿ ಮುರಿದರೆ?"

ಅಲ್ಲಿಯವರೆಗೆ ಅವರು ಬಿಗುಮಾನದ ಹೆಂಗಸೆಂದು ನಾನು ತಿಳಿದಿದ್ದೆ. ಹೆದರಿಕೆ ಅದು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಅದರಿಂದ ಇನ್ನಷ್ಟು ಕಷ್ಟವಾಯಿತು. ಆ ಮನೆಯಲ್ಲಿ ಅಡುಗೆಮನೆಗೂ ಮೇಜಿಗೂ ನಡುವೆ ಗೋಡೆಯಿರಲಿಲ್ಲ, ಅಕ್ಕಾರಿಗೆ ಎಲ್ಲ ಕೇಳಿಸಿರಲೇಬೇಕು. ಅವರು ತಿರುಗಿ ನೋಡಲಿಲ್ಲ.

ಇಂಟರ್‌ಕಾಮ್ ಮತ್ತೆ ಕೂಗಿತು. ಬೆಂಗಳೂರಜ್ಜಿ ಮೇಜಿನ ಬಳಿ ಬಂದರು. ಕನ್ನಡಿಯ ಮೇಲೆ ಈಗ ಎಳ್ಳಿನಷ್ಟು ಮಬ್ಬು.

"ಇಷ್ಟೇ ಅಲ್ವಾ? ಸಾಕು, ಸುಡಿ ಸುಡಿ. ಮುಹೂರ್ತ ಮೀರಿದ ಮೇಲೆ ಏನು ಮಾಡಿದ್ರೇನು?"

"ಸಿಡಿಯೋಕೆ ಇಷ್ಟು ಸಾಕು."

"ನಾನು ಹೇಳ್ತಾ ಇದ್ದೀನಿ, ಸುಡಿ!"

"ಒಣಗ್ಲಿ ಬಿಡ್ರಿ," ಎಂದಿತು ಒಂದು ದನಿ. ಅದು ನನ್ನದು. ಇಬ್ಬರೂ ನನ್ನತ್ತ ತಿರುಗಿದರು. ನಾನು ಬೀಗಿತ್ತಿಯ ಪಕ್ಕದಲ್ಲಿ ಕುರ್ಚಿ ಎಳೆದಿಟ್ಟೆ. ಅವರು ಕೂತರು.

ಕನ್ನಡಿ ಕೊನೆಗೂ ತಿಳಿಯಾಯಿತು. ಎರಡನೆಯ ಉಂಗುರವನ್ನಿಟ್ಟಾಗಲೂ ತಿಳಿಯಾಗಿಯೇ ಉಳಿಯಿತು. ಅಕ್ಕಾರು ಎರಡನ್ನೂ ಸುಡುವ ಇಟ್ಟಿಗೆಯ ಮೇಲಿಟ್ಟು, "ಲೈಟ್ ಆರಿಸಿ, ಪರದೆ ಎಳೀರಿ" ಎಂದರು.

"ಮದುವೆ ಮನೇಲಿ ದೀಪ ಆರಿಸ್ತಾರೇನ್ರೀ?"

"ಬಣ್ಣ ಕಾಣಬೇಕು. ಒಂದು ಗಳಿಗೆ ಹೆಚ್ಚಾದ್ರೆ ಕರಗಿ ಗೋಲಿ ಆಗುತ್ತೆ."

ನಾನು ಪರದೆ ಎಳೆದೆ. ಕತ್ತಲಲ್ಲಿ ಗ್ಯಾಸ್ ಟಾರ್ಚಿನ ನೀಲಿ ನಾಲಿಗೆ ಮಾತ್ರ. ಮೊದಲು ಸಣ್ಣ ಹೊಗೆ, ಒಂದು ಹಳದಿ ಜ್ವಾಲೆ ಎದ್ದು ಅಡಗಿತು. ಸಿಡಿಯಲಿಲ್ಲ. ಉಂಗುರಗಳು ಬಿಳಿಯಾದವು, ಕೆಂಪಾದವು, ಆಮೇಲೆ ಹಣ್ಣು ಪಪ್ಪಾಯಿಯ ಬಣ್ಣಕ್ಕೆ ತಿರುಗಿದವು. ಅಕ್ಕಾರು ಟಾರ್ಚನ್ನು ಕೊಂಚ ಹಿಂದೆ ಮುಂದೆ ಮಾಡುತ್ತ ಆ ಬಣ್ಣವನ್ನು ಅಲ್ಲೇ ಹಿಡಿದು ನಿಲ್ಲಿಸಿದರು. ಉಂಗುರಗಳು ನಮ್ಮ ಕಣ್ಣೆದುರಿಗೇ ಕುಗ್ಗಿದವು.

ನೀರಿಗೆ ಹಾಕಿದಾಗ ಚುಂಯ್ ಎಂದಿತು. ದೀಪ ಹಾಕಿದೆ.

"ಸುಣ್ಣ!" ಎಂದರು ಬೆಂಗಳೂರಜ್ಜಿ. ಅವರ ದನಿ ಅಳುವಂತಿತ್ತು. "ಇದು ಬೆಳ್ಳಿನಾ?"

ಅಕ್ಕಾರು ಬ್ರಷ್ ತೆಗೆದುಕೊಂಡರು. ಒಂದು ಕ್ಷಣ ಅದನ್ನು ಹಿಡಿದು ನಿಂತರು. ಆಮೇಲೆ ಹಿಡಿಕೆಯನ್ನು ಬೆಂಗಳೂರಜ್ಜಿಯ ಕಡೆ ತಿರುಗಿಸಿ ಕೊಟ್ಟರು.

"ನೀವು ಉಜ್ಜಿ."

"ನನಗೆ ಬರಲ್ಲ."

"ಪಾತ್ರೆ ಉಜ್ಜಿಲ್ವಾ? ಜೋರಾಗಿ ಉಜ್ಜಿ. ಮುರಿಯೋ ಹಾಗಿದ್ರೆ ನಿಮ್ಮ ಕೈಲೇ ಮುರೀಲಿ, ಹುಡುಗಿ ಕಾಲಲ್ಲಿ ಬೇಡ."

ಬೆಂಗಳೂರಜ್ಜಿ ಮೊದಲು ಹಗುರಾಗಿ ಒಂದೆರಡು ಸಲ ಎಳೆದರು. ನಂತರ ಸೆರಗು ಸಿಕ್ಕಿಸಿಕೊಂಡು, ತುಟಿ ಕಚ್ಚಿ, ನಿಜವಾಗಿಯೂ ಮುರಿಯಲೆಂದೇ ಹೊರಟವರಂತೆ ಉಜ್ಜಿದರು. ನಾನು ಅಕ್ಕಾರ ಕಡೆ ನೋಡಿದೆ. ಅವರು ಉಂಗುರವನ್ನು ನೋಡುತ್ತಿರಲಿಲ್ಲ. ಕಿಟಕಿಯ ಪರದೆ ಸರಿಸುತ್ತ, ಬೇಕೆಂದೇ ಬೆನ್ನು ಮಾಡಿದ್ದರು.

ಗವಲಿಯ ಗೆರೆಗಳ ತುದಿಯಲ್ಲಿ ಮೊದಲ ಮಿಂಚು ಎದ್ದಾಗ ಬೆಂಗಳೂರಜ್ಜಿಯ ಕೈ ನಿಂತಿತು. "ಅಯ್ಯೋ, ಬಂತು ಕಣ್ರೀ," ಎಂದರು, ಮಗುವಿನ ಹಾಗೆ. ಆಮೇಲೆ ಎರಡನ್ನೂ ಬಿಡದೆ ಉಜ್ಜಿದರು. ಕಣ್ಣಿನಿಂದ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು, "ನೀವೂ ಬರಬೇಕು" ಎಂದು ಕರೆದರು. "ಇಟ್ಟಿಗೆ ಇನ್ನೂ ಬಿಸಿ ಇದೆ, ಬಿಟ್ಟು ಬರೋ ಹಾಗಿಲ್ಲ," ಎಂದರು ಅಕ್ಕಾರು.

ನಿಮ್ಮಪ್ಪ ಬಗ್ಗಿ ನಿಮ್ಮಮ್ಮನ ಕಾಲಿಗೆ ಉಂಗುರ ತೊಡಿಸಿದ. ಅಳತೆ ಹಿಡಿದು ಕೂತವು. ಬೆಂಗಳೂರಜ್ಜಿ ಸುತ್ತಲಿದ್ದವರಿಗೆಲ್ಲ, "ಬೆಳ್ಳಿ ನಾನೇ ತೆಗೆದದ್ದು, ನನ್ನ ಕೈಯಾರೆ" ಎಂದು ಹೇಳುತ್ತಿದ್ದರು. ಇಂದಿಗೂ ಹೇಳುತ್ತಾರೆ, ನೀವೂ ಕೇಳಿದ್ದೀರಿ, ಏನೆಂದು ಅರ್ಥವಾಗಿರಲಿಕ್ಕಿಲ್ಲ. ನಾನು ತಿರುಗಿ ನೋಡಿದಾಗ ಅಕ್ಕಾರು ಬಂದು ಮಂಟಪದ ಹಿಂದೆ, ವಧೂವರರ ಬೆನ್ನು ಕಾಣುವಲ್ಲಿ ನಿಂತಿದ್ದರು. ಮುಂದೆ ಬನ್ನಿ ಎಂದು ಸನ್ನೆ ಮಾಡಿದೆ. ಬೇಡ, ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ ಎಂದು ಅವರೂ ಸನ್ನೆಯಲ್ಲೇ ಹೇಳಿದರು.

ಅದಾದ ಮೇಲೆ ಬಹಳ ವರ್ಷ ಅವರ ಮೇಜಿನೆದುರು ಕೂತಿದ್ದೇನೆ. ಬ್ರಷ್ಷನ್ನು ಮತ್ತೆ ಯಾರ ಕೈಗೂ ಕೊಟ್ಟದ್ದನ್ನು ನೋಡಲಿಲ್ಲ. ಅಂದು ಯಾಕೆ ಕೊಟ್ಟಿರೆಂದು ಒಮ್ಮೆ ಕೇಳಿದೆ. "ಅವರಿಗೆ ನನಗಿಂತ ಜಾಸ್ತಿ ಬೇಕಿತ್ತು," ಎಂದು ಬೇರೆ ಮಾತಿಗೆ ಹೊರಳಿದರು.

ಶನಿವಾರ ನೀನು ಮುಖ ಊದಿಸಿಕೊಂಡು ಮೇಲೆ ಹೋದ ನಂತರ ನಾನು ಪೆಟ್ಟಿಗೆಯ ತಳದವರೆಗೂ ನೋಡಿದೆ. ಅಡಿಯಲ್ಲಿ ನನ್ನ ಬಾಚಣಿಗೆ ಇತ್ತು. ಅದರ ಪಕ್ಕದಲ್ಲಿ ಹತ್ತಿಯಲ್ಲಿ ಸುತ್ತಿದ ಒಂದು ಗವಲಿ, ಪಾಯಸದ್ದಲ್ಲ, ಬೆಳ್ಳಿ ಮಣ್ಣಿನದು. ಸುಣ್ಣದಂತೆ ಬೆಳ್ಳಗಿದೆ, ಗೆರೆಗಳು ಒತ್ತಾಗಿವೆ. ಸುಟ್ಟಿದ್ದಾರೆ, ಉಜ್ಜಿಲ್ಲ. ಅವರು ಉಜ್ಜಲು ಮರೆಯುವವರಲ್ಲ.

ನಾನೂ ಉಜ್ಜಿಲ್ಲ. ಅನು, ಬೂಟು ಹೊರಗಿಟ್ಟು ಕೈ ತೊಳೆದುಕೊಂಡು ಬಾ. ತೇಜು ಪರದೆ ಸರಿಸಲಿ. ಬ್ರಷ್ಷನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ. ಹೆದರಬೇಡ, ಜೋರಾಗಿ ಉಜ್ಜು.